ಅಲೆಯುವ ಚುಕ್ಕೆ

ನಾನು ಕೆಲಸ ಮಾಡುವುದು ಯಾವ ವಾರ್ಡ್ ಆಫೀಸಿನಲ್ಲಿ ಎಂದು ಹೇಳುವುದಿಲ್ಲ. ಗೋರೆಗಾಂವ್‌ಗೂ ಬೊರಿವಲಿಗೂ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ಇದು ಬಿಗುಮಾನವಲ್ಲ, ಕೆಲಸದಿಂದ ಅಂಟಿದ ಅಭ್ಯಾಸ. ಇದ್ದ ಜಾಗವನ್ನು ಇದ್ದ ಹಾಗೆ ಹೇಳದೆ ಸ್ವಲ್ಪ ಆಚೀಚೆ ಸರಿಸಿ ಹೇಳುವುದಕ್ಕೇ ನನಗೆ ಸಂಬಳ ಬರುತ್ತದೆ.

ನಾನು ನಕ್ಷೆ ಮಾಡುವವಳು. ಗಟಾರ, ನೀರಿನ ಪೈಪು, ಬೀದಿದೀಪದ ಕಂಬ ಇವುಗಳ ನಕ್ಷೆ ಮಾಡಿಕೊಂಡು ನನ್ನ ಪಾಡಿಗೆ ಇದ್ದವಳನ್ನು ಕೆಲವು ವರ್ಷಗಳ ಹಿಂದೆ ಆರೋಗ್ಯ ವಿಭಾಗದವರು ಎರವಲು ತೆಗೆದುಕೊಂಡರು. ತೆಗೆದುಕೊಂಡವರು ಇನ್ನೂ ವಾಪಸು ಕೊಟ್ಟಿಲ್ಲ. ಗರ್ದ್ ಎನ್ನುವ ಬ್ರೌನ್ ಶುಗರ್ ಸೇದುವವರು, ನೋವಿನ ಗುಳಿಗೆಯನ್ನು ಊಟದಂತೆ ನುಂಗುವವರು, ಸೂಜಿ ಚುಚ್ಚಿಕೊಳ್ಳುವವರು, ಕೆಮ್ಮಿನ ಸಿರಪ್ಪನ್ನು ಬಾಟಲಿಗಟ್ಟಲೆ ಕುಡಿಯುವವರು, ಎಲ್ಲ ಅಫೀಮಿನ ವಂಶದ ಮದ್ದುಗಳೇ. ಇವರು ಎಲ್ಲಿ ಕೂರುತ್ತಾರೆ, ಎಲ್ಲಿ ಬೀಳುತ್ತಾರೆ, ಎಲ್ಲಿ ಉಸಿರು ನಿಲ್ಲುತ್ತದೆ ಎನ್ನುವುದನ್ನು ನಕ್ಷೆಯ ಮೇಲೆ ಇಡಬೇಕು. ಆಂಬ್ಯುಲೆನ್ಸಿನವರು ಹೇಳುತ್ತಾರೆ, ಆಸ್ಪತ್ರೆಯವರು ಹೇಳುತ್ತಾರೆ, ಮುಂಜಾನೆ ಗಲ್ಲಿ ಗುಡಿಸುವವರು ಖಾಲಿ ಬಾಟಲಿ, ಸೂಜಿ ಎಲ್ಲಿ ಸಿಕ್ಕವು ಎಂದು ಹೇಳುತ್ತಾರೆ. ಸತ್ತವರಿಗೆ ಕೆಂಪು ಚುಕ್ಕೆ, ಬದುಕಿಕೊಂಡವರಿಗೆ ನೀಲಿ, ಔಷಧ ಕೊಡುವ ಕೇಂದ್ರಕ್ಕೆ ಹಸಿರು. ಚುಕ್ಕೆಗಳು ಗುಂಪಾದ ಕಡೆ ಬೀದಿದೀಪ ಬರುತ್ತದೆ, ಮಾತಾಡಿಸುವ ಕಾರ್ಯಕರ್ತರು ಬರುತ್ತಾರೆ, ನಿಂತ ಉಸಿರನ್ನು ಮರಳಿ ಎಬ್ಬಿಸುವ ಇಂಜೆಕ್ಷನ್ ಇಟ್ಟುಕೊಂಡ ಆಂಬ್ಯುಲೆನ್ಸ್ ಹತ್ತಿರದಲ್ಲೇ ನಿಲ್ಲುತ್ತದೆ. ಕೆಲಸ ಒಳ್ಳೆಯದೇ. ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಏನಿದ್ದರೂ ನನ್ನ ಕಣ್ಣುಗಳ ಬಗ್ಗೆ. ಈ ಕೆಲಸ ಹಿಡಿದ ಮೇಲೆ ಊರು ನನಗೆ ಎರಡು ಪದರವಾಗಿ ಕಾಣುತ್ತದೆ. ಸ್ಟೇಷನ್ನಿನ ಸ್ಕೈವಾಕ್ ಮೆಟ್ಟಿಲ ಮೇಲೆ ಜನ ಮೊಬೈಲ್ ಕವರು, ಕ್ಲಿಪ್ಪು ಕೊಳ್ಳುತ್ತಿರುತ್ತಾರೆ. ಅದೇ ಮೆಟ್ಟಿಲ ಮೇಲೆ ನನ್ನದೊಂದು ಕೆಂಪು ಚುಕ್ಕೆ ಇದೆ. ವಡಾಪಾವ್ ಗಾಡಿಯ ಹಿಂದಿನ ಗೋಡೆಗೆ ಒಂದಿದೆ. ನಾನು ಆ ಮೆಟ್ಟಿಲನ್ನು ತುಳಿಯುವುದಿಲ್ಲ, ದಾಟಿ ಹೋಗುತ್ತೇನೆ. ಹಿಂದಿನಿಂದ ಬರುವವರು ಬೈಯುತ್ತಾರೆ. ಬೈದುಕೊಳ್ಳಲಿ, ನನಗೆ ಭಯವಾಗುತ್ತದೆ.

ನಮ್ಮಲ್ಲಿ ನಕ್ಷೆ ಎರಡು. ಒಂದು ಒಳಗಿನದು, ನಿಜವಾದ ಜಾಗಗಳದು. ಅದನ್ನು ನಾನು, ಔಷಧ ಕೇಂದ್ರದ ಡಾಕ್ಟರಮ್ಮ, ಅಂದರೆ ಡಾಕ್ಟರ್ ಬಾಯಿ, ನಮ್ಮ ಸಾಹೇಬರು ಬಿಟ್ಟರೆ ಬೇರೆಯವರು ನೋಡುವಂತಿಲ್ಲ. ಇನ್ನೊಂದು ಹೊರಗಿನದು. ಮೂರು ತಿಂಗಳಿಗೊಮ್ಮೆ ಅದನ್ನು ಫ್ಲೆಕ್ಸ್ ಮಾಡಿಸಿ ಆಫೀಸಿನ ಎದುರು ತೂಗುಹಾಕುತ್ತಾರೆ, ಮೊಬೈಲಿನಲ್ಲೂ ಬಿಡುತ್ತಾರೆ. ಹೊರಗಿನದರಲ್ಲಿ ಪ್ರತಿಯೊಂದು ಕೆಂಪು, ನೀಲಿ ಚುಕ್ಕೆಯನ್ನು ಕಂಪ್ಯೂಟರ್ ತನಗೆ ತೋಚಿದ ದಿಕ್ಕಿಗೆ ಎರಡು ಗಲ್ಲಿಯಷ್ಟು ಸರಿಸಿರುತ್ತದೆ. ಮೊದಮೊದಲು ಹೀಗೆ ಸರಿಸುತ್ತಿರಲಿಲ್ಲ. ಒಂದು ಬಿಲ್ಡಿಂಗಿನ ಮೇಲೆ ಸರಿಯಾಗಿ ಕೂತ ಒಂದು ಚುಕ್ಕೆಯನ್ನು ಯಾರೋ ನೋಡಿ, ಆ ಮನೆಯ ಹುಡುಗಿಗೆ ಗೊತ್ತಾಗಿದ್ದ ಮದುವೆ ಸಂಬಂಧ ಮುರಿದುಬಿತ್ತು. ಹುಡುಗಿಯ ತಾಯಿ ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ಸುಮ್ಮನೆ ನಿಂತಿದ್ದರು. ಅಂದೇ ಸಾಹೇಬರು, "ಮೇಡಂ, ಪಬ್ಲಿಕ್ ಕೋ ಎಕ್ಸಾಕ್ಟ್ ನಹೀ ದಿಖಾನೇಕಾ" ಎಂದರು. ಸಾಹೇಬರು ಹೇಳಿದ ಮಾತುಗಳಲ್ಲಿ ನಾನು ಮನಸಾರೆ ಒಪ್ಪಿದ್ದು ಇದೊಂದೇ ಇರಬೇಕು. ಯಾರಿಗೂ ನಿಜವಾದ ಜಾಗ ಹೇಳುವುದಿಲ್ಲ ಎಂದು ಸಹಿ ಮಾಡಿಕೊಟ್ಟೆ.

ನಮ್ಮ ಬಿಲ್ಡಿಂಗಿನ ತಳಮಹಡಿಯಲ್ಲಿ ಕಾಕು ಇದ್ದಾರೆ. ಕಾಕು ಎಂದರೆ ಚಿಕ್ಕಮ್ಮ, ಆದರೆ ರಕ್ತಸಂಬಂಧವೇನಿಲ್ಲ. ಅವರದು ಬೆಳಗಾವಿ ಕಡೆ, ನಮ್ಮದು ವಿಜಯಪುರ. ಇಷ್ಟು ದೂರದ ಊರಲ್ಲಿ ಅಷ್ಟು ಸಾಕು. ಕಿಟಕಿಯ ಪಕ್ಕ ಕೂತು ಸೀರೆಗೆ ಫಾಲ್ ಹಚ್ಚಿ ಕೊಡುವುದು ಅವರ ಕೆಲಸ. ಗಂಡ ಹೋಗಿ ಬಹಳ ವರ್ಷವಾಯಿತು. ಒಬ್ಬನೇ ಮಗ. ಗೋರೆಗಾಂವ್‌ನ ಒಂದು ಗೋದಾಮಿನಲ್ಲಿ ಮಾಲು ಇಳಿಸುವಾಗ ಅವನ ಹೆಗಲು ಜಗ್ಗಿತು. ನೋವಿಗೆ ಗುಳಿಗೆ ತೆಗೆದುಕೊಂಡ. ಹೆಗಲು ವಾಸಿಯಾಯಿತು, ಗುಳಿಗೆ ಬಿಡಲಿಲ್ಲ. ಗುಳಿಗೆಯಿಂದ ಸೂಜಿಗೆ ಹೋದ. ಮನೆಯ ಪಾತ್ರೆ ಪಗಡ ಒಂದೊಂದಾಗಿ ಕಾಣೆಯಾದವು. ಎಷ್ಟೋ ಸಲ ಬಿಟ್ಟೆ ಎಂದ, ಎಷ್ಟೋ ಸಲ ಸುಳ್ಳಾಯಿತು. ನಗುವ ಹುಡುಗ, ನಾನು ಸಾಮಾನು ಹೊತ್ತುಕೊಂಡು ಬಂದರೆ ಓಡಿ ಬಂದು ಕೈಯಿಂದ ಇಸಿದುಕೊಳ್ಳುತ್ತಿದ್ದ. ಆ ಚೀಲದಲ್ಲಿದ್ದ ಸಾಮಾನು ಒಂದು ದಿನವೂ ಕಡಿಮೆಯಾಗಲಿಲ್ಲ ಎನ್ನುವುದನ್ನು ಇಲ್ಲಿ ಹೇಳಲೇಬೇಕು.

ದೀಪಾವಳಿಯ ಪಾಡ್ಯದ ದಿನ ಮುಂಜಾನೆ ಅವನು ಎದ್ದು, ಗುಳಿಗೆ ಕೊಡುವ ಸರಕಾರಿ ಕೇಂದ್ರಕ್ಕೆ ಹೋಗುತ್ತೇನೆ ಎಂದನಂತೆ. ಈಗೀಗ ಹೋಗಲು ಶುರು ಮಾಡಿದ್ದೇನೆ, ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಗುಳಿಗೆ, ದಿನಾ ಅವರ ಎದುರಿಗೇ ತೆಗೆದುಕೊಳ್ಳಬೇಕು, ಅದರಿಂದ ಚಟ ಬಿಡುತ್ತದೆ ಎಂದನಂತೆ. ಕಾಕು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದವರು ತಲೆ ಎತ್ತದೆ, "ಹಬ್ಬದ ದಿನಾನರ ಸುಳ್ಳ ಹೇಳಬ್ಯಾಡ" ಎಂದರಂತೆ. ಅವನು ರಂಗೋಲಿ ತುಳಿಯದೆ ದಾಟಿ ಹೋದ. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು. ರಸ್ತೆಯ ಮೇಲೆ ಸಿಕ್ಕ, ಉಸಿರಿರಲಿಲ್ಲ ಎಂದರು. ಯಾವ ರಸ್ತೆ ಎಂದು ಕಾಕು ಪೊಲೀಸರನ್ನು ಕೇಳಿದರು, ವಾರ್ಡ್‌ಬಾಯ್‌ಗಳನ್ನು ಕೇಳಿದರು. ಅಂಥ ಪ್ರಶ್ನೆಗೆ ಉತ್ತರ ಹೇಳಲು ಯಾರಿಗೂ ಪುರಸೊತ್ತಿರಲಿಲ್ಲ.

ನಮ್ಮ ಕಡೆ ಜೀವ ಹೋದ ಜಾಗದಲ್ಲಿ ದೀಪ ಹಚ್ಚಿ, ಪಕ್ಕದಲ್ಲಿ ಒಂದು ತಂಬಿಗೆ ನೀರು ಇಡುತ್ತಾರೆ. ಮನೆಯಲ್ಲಿ ಹೋದರೆ ಮನೆಯಲ್ಲಿ, ಹೊಲದಲ್ಲಿ ಹೋದರೆ ಹೊಲದಲ್ಲಿ. ಕಾಕುಗೆ ಜಾಗವೇ ಗೊತ್ತಿರಲಿಲ್ಲ. ಹೊಸ್ತಿಲಲ್ಲಿ ಹಚ್ಚಿದರು. "ಇಲ್ಲೇನು ಅಂವ ಹೋಗಿಲ್ಲ ತಂಗಿ. ಸುಮ್ಮ ಇಟ್ಟೀನಿ" ಎಂದು ನನಗೆ ಹೇಳಿದರು. ದೀಪದ ಚಿಂತೆಗಿಂತ ಒಳಗಿನ ಚಿಂತೆ ಬೇರೆ ಇತ್ತು, ಅದನ್ನೂ ಅವರು ಮುಚ್ಚಿಡಲಿಲ್ಲ. ಕೇಂದ್ರಕ್ಕೆ ಹೋಗುವ ದಾರಿಯಲ್ಲಿ ಬಿದ್ದನೋ, ಗರ್ದ್ ಸೇದುವವರ ಅಡ್ಡೆಯಲ್ಲಿ ಬಿದ್ದನೋ? ಕಡೆಯ ಮಾತು ನಿಜವೋ ಸುಳ್ಳೋ? ಅಂಥದೊಂದು ಕೇಂದ್ರ ಇದೆ ಎನ್ನುವುದನ್ನೇ ಕಾಕು ನಂಬಿರಲಿಲ್ಲ. ಬರುವವರ ಮಾನ ಉಳಿಯಲಿ ಎಂದು ನಮ್ಮ ಕೇಂದ್ರಕ್ಕೆ ಬೋರ್ಡನ್ನೇ ಹಾಕಿಲ್ಲ, ಹೀಗಾಗಿ ಅವರು ಅದರ ಮುಂದೆ ಹಾದುಹೋಗಿದ್ದರೂ ಗೊತ್ತಾಗುವಂತಿರಲಿಲ್ಲ.

ಮುಂದಿನ ನಕ್ಷೆ ಬಂದಾಗ ಪಕ್ಕದ ಮನೆಯ ಹುಡುಗಿ ಮೊಬೈಲಿನಲ್ಲಿ ಅದನ್ನು ಕಾಕುಗೆ ತೋರಿಸಿದಳು. ಚುಕ್ಕೆಯ ಮೇಲೆ ಬೆರಳಿಟ್ಟರೆ ತಿಂಗಳು ಬರುತ್ತದೆ. ಆ ತಿಂಗಳು ನಮ್ಮ ಭಾಗದಲ್ಲಿ ಇದ್ದದ್ದು ಒಂದೇ ಕೆಂಪು ಚುಕ್ಕೆ. ಅದು ಬಂದು ಕೂತದ್ದು ಮುಚ್ಚಿದ ಹಳೇ ಥಿಯೇಟರಿನ ಹಿಂದಿನ ಗೋಡೆಯ ಬುಡದಲ್ಲಿ. ಗರ್ದ್ ಸೇದುವವರು ಸಾಲಾಗಿ ಕೂರುವ ಗೋಡೆ ಎಂದು ನಮ್ಮ ಭಾಗದ ಮಕ್ಕಳಿಗೂ ಗೊತ್ತು.

ಅಂದು ಸಂಜೆ ನಾನು ಆಫೀಸಿನಿಂದ ಬರುವಾಗ ಕಾಕು ಆ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಮುಂದೆ ಒಂದು ಹಣತೆ, ಒಂದು ತಂಬಿಗೆ. ಗೋಡೆಗೆ ಒರಗಿದ್ದ ಇಬ್ಬರು ಕಾಲು ಮಡಚಿಕೊಂಡು ಜಾಗ ಬಿಟ್ಟುಕೊಟ್ಟಿದ್ದರು.

"ಕಾಕು, ಇಲ್ಲಿ ಯಾಕ ಕುಂತೀರಿ?" ಎಂದೆ.

"ನೀನ ಮಾಡಿದ ನಕ್ಷಾದಾಗ ಐತಲ್ಲ ತಂಗಿ. ಇಲ್ಲೇ ಹೋಗ್ಯಾನ. ಕಡೀಕೂ ಸುಳ್ಳ ಹೇಳೇ ಹೋದ."

ಆ ಚುಕ್ಕೆ ಸರಿಯಾದ ಜಾಗದ್ದಲ್ಲ, ಕಂಪ್ಯೂಟರ್ ಸರಿಸಿದ್ದು ಎಂದೆ. ಅಷ್ಟನ್ನು ಹೇಳಬಹುದಿತ್ತು, ನಕ್ಷೆಯ ಕೆಳಗೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತೇವೆ. "ಹಂಗಾದ್ರ ಖರೇ ಜಾಗಾ ಯಾವದು?" ಎಂದರು. ಅದನ್ನು ಹೇಳುವಂತಿರಲಿಲ್ಲ. ಕಾಕು ನನ್ನ ಮುಖ ನೋಡಿ, "ನನ್ನ ಸಮಾಧಾನಕ್ಕ ಏನೇನರ ಹೇಳಬ್ಯಾಡ. ನನ್ನೇನು ಸಣ್ಣ ಹುಡುಗಿ ಅಂತ ತಿಳದೀ ಏನು" ಎಂದು ಬತ್ತಿ ಮುಂದೂಡಿದರು.

ಮರುದಿನ ಒಳಗಿನ ನಕ್ಷೆ ತೆರೆದು ಅವನನ್ನು ಹುಡುಕಿದೆ. ಅಲ್ಲಿಯವರೆಗೆ ಬೇಕೆಂದೇ ನೋಡಿರಲಿಲ್ಲ. ಚೀಲ ಇಸಿದುಕೊಳ್ಳುತ್ತಿದ್ದ ಹುಡುಗನನ್ನು ಚುಕ್ಕೆಯಾಗಿ ನೋಡುವ ಧೈರ್ಯ ನನಗಿರಲಿಲ್ಲ. ಅವನು ಇದ್ದದ್ದು ನಮ್ಮ ಕೇಂದ್ರದ ಗೇಟಿನ ಮುಂದೆ. ಪಾಡ್ಯದ ದಿನ ಕೇಂದ್ರಕ್ಕೆ ರಜೆ. ಹಳಬರಿಗಾದರೆ ರಜೆಯ ಗುಳಿಗೆಯನ್ನು ಹಿಂದಿನ ದಿನವೇ ಮನೆಗೆ ಕೊಟ್ಟು ಕಳಿಸುತ್ತಾರೆ, ಹೊಸಬರನ್ನು ನಂಬಿ ಕೊಡುವುದಿಲ್ಲ. ಅವನು ಹೊಸಬ. ಮೈ ಮುರಿಯುವ ನೋವಿನಲ್ಲಿ ಅಷ್ಟು ದೂರ ಬಂದವನಿಗೆ ಬೀಗ ಕಂಡಿತು. ಆಮೇಲೆ ಅಲ್ಲಿ ಯಾರು ಬಂದರು, ಏನು ಕೊಟ್ಟರು, ಅವನು ಎಷ್ಟು ಹೊತ್ತು ಬೇಡವೆಂದ, ಇದು ಯಾವ ನಕ್ಷೆಯಲ್ಲೂ ಇಲ್ಲ.

ಪರದೆಯನ್ನು ನೋಡುತ್ತಾ ಕೂತವಳಿಗೆ ಅದೇ ಗೇಟಿನ ಸುತ್ತ ಇನ್ನೂ ಕೆಲವು ಚುಕ್ಕೆಗಳು ಕಂಡವು. ಎಲ್ಲ ಕೆಂಪಲ್ಲ, ನೀಲಿಯೂ ಇದ್ದವು. ಒಂದೊಂದರ ದಿನ ತೆಗೆದು ನೋಡಿದೆ. ಭಾನುವಾರ, ಹಬ್ಬ, ಜಯಂತಿ. ಡಾಕ್ಟರ್ ಬಾಯಿಯನ್ನು ಕರೆದು ತೋರಿಸಿದೆ. ಅವರು ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. "ಹಮ್ ಬಂದ್ ರಖತೇ ಹೈ, ಔರ್ ವೋ ಆತೇ ಹೈ" ಎಂದರು. ನಾವು ಮುಚ್ಚಿಕೊಂಡಿರುತ್ತೇವೆ, ಅವರು ಬಂದಿರುತ್ತಾರೆ. ಅದನ್ನು ಮೇಲಿನವರಿಗೆ ಬರೆದು, ಬರೆದು, ಜಗಳವಾಡಿ, ರಜೆಯ ದಿನವೂ ಮುಂಜಾನೆ ಕೇಂದ್ರದ ಬಾಗಿಲು ತೆರೆಯುವಂತೆ ಮಾಡುವುದಕ್ಕೆ ಅವರಿಗೆ ತಿಂಗಳುಗಳೇ ಹಿಡಿದವು.

ಈ ನಡುವೆ ಹೊಸ ನಕ್ಷೆ ಬಂತು. ಬಂದ ದಿನ ಸಂಜೆ ಕಾಕು ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ಅವರಿಗೆ ಮೊಣಕಾಲು ನೋವು, ಮೇಲೆ ಬರುವವರೇ ಅಲ್ಲ. ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದರು.

"ಅಂವ ಅಲ್ಲಿಂದ ಎದ್ದಾನ ತಂಗಿ."

ನನಗೆ ಅರ್ಥವಾಗಲಿಲ್ಲ. ಅವರು ನನ್ನ ಮೊಬೈಲಿನಲ್ಲೇ ತೆಗೆಸಿ ತೋರಿಸಿದರು. ಅದೇ ತಿಂಗಳ ಅದೇ ಕೆಂಪು ಚುಕ್ಕೆ ಈಗ ಥಿಯೇಟರಿನ ಗೋಡೆಯ ಹತ್ತಿರ ಇರಲಿಲ್ಲ. ನಾಲೆಯ ದಂಡೆಗೆ, ತರಕಾರಿ ಮಾರ್ಕೆಟ್ಟಿನ ಕಡೆಗೆ ಹೋಗಿತ್ತು. ನಾನು ನಕ್ಷೆ ಮಾಡುವವಳು, ಇದಕ್ಕೆ ಏನೋ ಕಾರಣ ಇರಲೇಬೇಕು ಎಂದು ಗೊತ್ತು. ಆದರೂ ಆ ಹೊತ್ತಿಗೆ ನಾನೂ ಕಾಕುವಿನ ಜೊತೆಗೇ ನಂಬಿದೆ. ಹುಡುಗ ಎದ್ದು ಹೋಗಿದ್ದಾನೆ ಎಂದೇ ನನಗೂ ಅನ್ನಿಸಿತು.

ಕಾಕು ದೀಪವನ್ನು ನಾಲೆಯ ದಂಡೆಗೆ ಬದಲಾಯಿಸಿದರು. ಮತ್ತೊಂದು ನಕ್ಷೆ ಬಂದಾಗ ಅವನು ಶಾಲೆಯ ಹಿಂಬದಿಗೆ ಹೋಗಿದ್ದ. ದೀಪವೂ ಹೋಯಿತು. ಆಮೇಲೆ ರಿಕ್ಷಾ ಸ್ಟ್ಯಾಂಡ್. ಅಲ್ಲಿ ರಿಕ್ಷಾದವರು ಮೊದಲು ಗೊಣಗಿ, ಸಂಗತಿ ತಿಳಿದ ಮೇಲೆ ಒಂದು ಇಟ್ಟಿಗೆ ತಂದು ದೀಪಕ್ಕೆ ಮರೆ ಮಾಡಿಕೊಟ್ಟರು. ಕಾಕು ಸೊರಗುತ್ತಾ ಬಂದರು. ಬೇರೆಯವರ ಮಕ್ಕಳು ಸತ್ತರೆ ಒಂದು ಕಡೆ ಕೂರುತ್ತಾರೆ, ತನ್ನ ಮಗನಿಗೆ ಸತ್ತ ಮೇಲೂ ನೆಲೆಯಿಲ್ಲ ಎನ್ನುವುದು ಅವರನ್ನು ತಿನ್ನುತ್ತಿತ್ತು. "ಏನರ ಕೇಳಾಕತ್ತಾನೇನು? ಏನ ಬೇಕಂತ?" ಎಂದು ನನ್ನನ್ನು ಕೇಳುತ್ತಿದ್ದರು. ಎಷ್ಟು ಸಲ ಹಾಗೆ ಕೇಳಿದರೋ, ಅಷ್ಟು ಸಲ ನನಗೆ ಆ ಗೇಟು ಕಣ್ಣ ಮುಂದೆ ಬರುತ್ತಿತ್ತು. ರಾಜೀನಾಮೆ ಕೊಟ್ಟು ಹೇಳಿಬಿಡಲೇ ಎಂದುಕೊಂಡಿದ್ದೂ ಉಂಟು. ಆಗ ಮೇಜಿನ ಮುಂದೆ ನಿಂತಿದ್ದ ಆ ಇನ್ನೊಬ್ಬ ತಾಯಿಯ ನೆನಪಾಗುತ್ತಿತ್ತು. ಒಬ್ಬರಿಗೆ ಹೇಳಿದರೆ ಎಲ್ಲರಿಗೂ ಹೇಳಬೇಕಾಗುತ್ತದೆ. ಸಹಿಯನ್ನು ಸುಮ್ಮನೆ ಹಾಕಿರಲಿಲ್ಲ ನಾನು.

ಕಾರಣ ಆಫೀಸಿನಲ್ಲಿ ಸಿಕ್ಕಿತು, ತೀರಾ ಸಪ್ಪೆಯಾದ ಕಾರಣ. ಪ್ರತಿ ಸಲ ಹೊಸ ನಕ್ಷೆ ತೆಗೆಯುವಾಗ ಕಂಪ್ಯೂಟರ್ ಹಳೆಯ ಚುಕ್ಕೆಗಳನ್ನೂ ನಿಜವಾದ ಜಾಗದಿಂದ ಹೊಸದಾಗಿ ಸರಿಸುತ್ತಿತ್ತು. ಒಮ್ಮೆ ಸರಿಸಿ ಅಲ್ಲೇ ನಿಲ್ಲಿಸಬೇಕು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಹೀಗೆ ಈ ಊರಿನ ಸತ್ತವರೆಲ್ಲ ಮೂರು ತಿಂಗಳಿಗೊಮ್ಮೆ ಎದ್ದು ಜಾಗ ಬದಲಾಯಿಸುತ್ತಿದ್ದರು, ನೋಡುವವರು ಕಾಕು ಒಬ್ಬರೇ. ನಾನು ಹೋಗಿ ಹೇಳಿದಾಗ ಸಾಹೇಬರು ಹೌಹಾರಿದರು, ದೆವ್ವದ ಭಯಕ್ಕಲ್ಲ. "ಅರೇ, ಯಾರಾದರೂ ಎಲ್ಲಾ ಹಳೇ ನಕ್ಷೆ ಒಟ್ಟಿಗಿಟ್ಟು ನೋಡಿದರೆ ಮಧ್ಯದ ಜಾಗ ಗೊತ್ತಾಗಿಬಿಡುತ್ತೆ!" ಎಂದು ಹಿಂದಿಯಲ್ಲಿ ಕೂಗಿದರು. ಮುಂದಿನ ನಕ್ಷೆಯಿಂದ ಚುಕ್ಕೆಗಳು ಅಲುಗಾಡಬಾರದು ಎಂದು ಹುಕುಂ ಆಯಿತು. ಅದನ್ನು ಸರಿಪಡಿಸಿ ಮುಗಿಸುವ ಹೊತ್ತಿಗೆ ದೀಪಾವಳಿ ಬಂದಿತ್ತು.

ಪಾಡ್ಯದ ಸಂಜೆ ಕಾಕು ನನ್ನನ್ನು ಕರೆದರು. ವರ್ಷದ ದಿನ, ಜೊತೆಗೆ ಬಾ ಎಂದರು. ಕೈಯಲ್ಲಿ ಹಣತೆ ತುಂಬಿದ ತಟ್ಟೆ, ಎಣ್ಣೆಯ ಬಾಟಲಿ. ತಂಬಿಗೆಯನ್ನು ನಾನು ಹಿಡಿದುಕೊಂಡೆ. ಬಿಲ್ಡಿಂಗುಗಳ ಗ್ಯಾಲರಿಗಳಲ್ಲಿ ಕಂದೀಲು ತೂಗುತ್ತಿದ್ದವು, ಗಲ್ಲಿಯಲ್ಲಿ ಪಟಾಕಿ ಹೊಗೆ. ಮೊದಲು ಥಿಯೇಟರಿನ ಗೋಡೆಗೆ ಹೋದೆವು, ಒಂದು ಹಣತೆ ಇಟ್ಟೆವು. ನಾಲೆಯ ದಂಡೆಗೆ ಒಂದು. ಶಾಲೆಯ ಹಿಂದೆ ಒಂದು. ರಿಕ್ಷಾ ಸ್ಟ್ಯಾಂಡಿನ ಇಟ್ಟಿಗೆಯ ಮರೆಗೆ ಒಂದು. ಇನ್ನು ಮನೆಗೆ ಹೋಗುವುದು ಎಂದುಕೊಂಡು ನಾನು ತಿರುಗಿದೆ. ಕಾಕು ತಿರುಗಲಿಲ್ಲ.

"ನಾ ಇಷ್ಟ ದಿನ ವಿಚಾರ ಮಾಡೇನಿ. ಅಂವ ದಿಕ್ಕ ತಪ್ಪಿ ಅಲದಾಡಾಕತ್ತಿಲ್ಲ. ಗಾಣದ ಎತ್ತಿನಗತೆ ಒಂದ ಜಾಗಾದ ಸುತ್ತ ತಿರಗಾಕತ್ತಾನ. ಆ ನಡುವ ಏನೈತಿ ನೋಡೂಣು ಬಾ."

ಮುಂದೆ ಮುಂದೆ ಅವರು, ಹಿಂದೆ ನಾನು. ಹಿಟ್ಟಿನ ಗಿರಣಿಯ ಗಲ್ಲಿ ಹಿಡಿದರು, ನಿಂತು ಥಿಯೇಟರಿನ ದಿಕ್ಕು ನೋಡಿದರು, ಶಾಲೆಯ ದಿಕ್ಕು ನೋಡಿದರು, ಎಡಕ್ಕೆ ಹೊರಳಿದರು. ಒಮ್ಮೆ ತಪ್ಪಿ ಒಂದು ಹೌಸಿಂಗ್ ಸೊಸೈಟಿಯ ಗೇಟಿಗೆ ಹೋಗಿ, ತಲೆಯಾಡಿಸಿ ಹಿಂದೆ ಬಂದರು. ನಾನು ದಾರಿ ತೋರಿಸಲೂ ಇಲ್ಲ, ತಪ್ಪಿಸಲೂ ಇಲ್ಲ. ಕಡೆಗೆ ಬೋರ್ಡಿಲ್ಲದ ಒಂದು ಕಬ್ಬಿಣದ ಗೇಟಿನ ಮುಂದೆ ನಿಂತರು. ಸಂಜೆಯಾದ್ದರಿಂದ ಬೀಗ ಹಾಕಿತ್ತು.

"ಇದೇನ ಐತಿ ತಂಗಿ ಇಲ್ಲೆ?"

ಇದನ್ನು ಹೇಳಬಾರದು ಎಂದು ನಾನು ಎಲ್ಲೂ ಸಹಿ ಮಾಡಿರಲಿಲ್ಲ. ಕೇಂದ್ರ ಎಲ್ಲಿದೆ ಎಂದು ಕೇಳಿದವರಿಗೆಲ್ಲ ಹೇಳುವುದು ನಮ್ಮ ಕೆಲಸ, ಹಸಿರು ಚುಕ್ಕೆಯನ್ನು ನಾವು ಸರಿಸುವುದೇ ಇಲ್ಲ. ಕಾಕು ನೋಡುತ್ತಿದ್ದದ್ದು ಕೆಂಪನ್ನು ಮಾತ್ರ.

"ಕೇಂದ್ರರಿ ಕಾಕು. ನಾಲಿಗಿ ಕೆಳಗ ಇಡೂ ಗುಳಿಗಿ ಕೊಡತಾರಲ್ಲ, ಅದು."

ಕಾಕು ಗೇಟಿನ ಸರಳನ್ನು ಒಂದು ಕೈಯಲ್ಲಿ ಹಿಡಿದುಕೊಂಡರು.

"ಆವತ್ತ ಇದು ತೆರದಿತ್ತೇನು?"

"ಇಲ್ಲರಿ. ಹಬ್ಬದ ಸೂಟಿ ಇತ್ತು."

"ಇವತ್ತ?"

"ಇವತ್ತ ಮುಂಜಾನೆ ತೆರದಿತ್ತು. ಈಗ ಹಬ್ಬದ ದಿನಾನೂ ತಗೀತಾರ."

ಅವರು ನನ್ನ ಮುಖವನ್ನು ಮತ್ತೆ ನೋಡಿದರು. ಥಿಯೇಟರಿನ ಗೋಡೆಯ ಹತ್ತಿರ ನೋಡಿದ ಹಾಗೆಯೇ. ಈ ಸಲ ಅಲ್ಲಿ ಏನು ಕಂಡಿತೋ, ಇನ್ನೇನೂ ಕೇಳಲಿಲ್ಲ. ಗೇಟಿನ ಬುಡದಲ್ಲಿ ಕುಕ್ಕರಿಸಿ, ಸೆರಗಿನಿಂದ ನೆಲ ಒರೆಸಿದರು. ತಟ್ಟೆಯಲ್ಲಿ ಉಳಿದಿದ್ದ ಹಣತೆ ಇಟ್ಟು ಎಣ್ಣೆ ಹಾಕಿದರು. ಕಡ್ಡಿ ಎರಡು ಸಲ ಆರಿತು. ನಾನು ಗಾಳಿಗೆ ಅಡ್ಡ ಕೂತೆ.

"ಖರೇನ ಹೇಳಿದ್ದ" ಎಂದರು. "ನನ್ನ ಮಗ ಖರೇನ ಹೇಳಿದ್ದ. ಸುಳ್ಳ ಅಂತ ಅಂದಾಕಿ ನಾನು."

ಅವರು ಅತ್ತರು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಆಮೇಲೆ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು ದೀಪದ ಪಕ್ಕಕ್ಕೆ ಇಟ್ಟರು. ಎದ್ದು ನಿಲ್ಲುವ ಮೊದಲು, ಮನೆಯೊಳಗಿನಿಂದ ಹೊರಗೆ ಆಡುವ ಮಗನನ್ನು ಕರೆಯುವ ದನಿಯಲ್ಲಿ, ಗೇಟಿನ ಕಡೆಗೆ ಬಾಗಿ ಹೇಳಿದರು.

"ಈಗ ಬಾಗಲಾ ತಗೀತಾರಂತಪಾ. ಇನ್ನ ತಿರಗಬ್ಯಾಡ."